ಅರ್ಧ ಹುಬ್ಬಿನ ದೇವರು

ಹೋದ ವಾರ ಹಲ್ಲು ತೋರಿಸಲು ದೇವರಾಜ ಅರಸು ಬಡಾವಣೆಗೆ ಹೋಗಿದ್ದೆ. ಯಾರೋ ಹೇಳಿದ ಹೊಸ ಕ್ಲಿನಿಕ್ಕು, ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಏಳನೆಯದಕ್ಕೆ ಎಡವಿದೆ. ಉಳಿದವಕ್ಕಿಂತ ಅದು ಒಂದಿಂಚು ಎತ್ತರ. ಹಿಂದೆಯೂ ದಿನಾ ಅಲ್ಲೇ ಎಡವುತ್ತಿದ್ದೆನಲ್ಲ ಎಂದು ಹೊಳೆದದ್ದು ಆಗ. ಮೇಲೆ ಹೋದರೆ ಅದೇ ಉದ್ದನೆಯ ಕೋಣೆ, ಅದೇ ಎರಡು ಕಿಟಕಿ. ಗೋಡೆಗೆ ಬಿಳಿ ಬಣ್ಣ ಹೊಡೆದಿದ್ದರು. ನನ್ನ ಮೇಜಿದ್ದ ಜಾಗದಲ್ಲಿ ಈಗ ಹಲ್ಲಿನ ಕುರ್ಚಿ. ಅದರ ಮೇಲೆ ಮಲಗಿ, ಬಾಯಿ ತೆರೆದು, ಗುರುತಿನ ಚಾವಣಿಯನ್ನೇ ನೋಡುತ್ತ, ಡಾಕ್ಟರಮ್ಮ "ನೋವಾಗ್ತೈತಾ?" ಎಂದು ಕೇಳಿದರೆ ಉತ್ತರ ಕೊಡಲಾಗದೆ, ಆ ಒಂದು ಮಳೆಗಾಲವನ್ನು ಪೂರ್ತಿ ನೆನೆದೆ.

"ಅಂಥ ಕೆಲಸ ಬಿಟ್ಟಿದ್ದಕ್ಕೆ ಬೇಜಾರಾಗಲ್ವಾ?" ಎಂದು ಕೇಳುವವರು ಈಗಲೂ ಇದ್ದಾರೆ. ಇಲ್ಲ. ಆಗಲೂ ಆಗಿರಲಿಲ್ಲ.

ನಾನು ಲೋಕಿಕೆರೆಯವಳು. ದಾವಣಗೆರೆಯಲ್ಲೇ ಚಿತ್ರಕಲೆ ಓದಿ, ಎರಡು ವರ್ಷ ಶಾಲೆಗಳ ಗೋಡೆಗೆ ಸೌರಮಂಡಲ, ನಲಿಯುವ ನವಿಲು, ಕೈ ತೊಳೆಯುವ ಮಕ್ಕಳನ್ನು ಬರೆದಿದ್ದೆ. ಆ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಸತೀಶ್ ಸರ್ ಅವರ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಸ್ಟುಡಿಯೋ ಎಂದರೆ ಈ ಮಹಡಿಯೇ. ಆರು ಕಂಪ್ಯೂಟರು, ಕರೆಂಟು ಹೋದಾಗಲೆಲ್ಲ ಕೂಗುವ ಒಂದು ಯುಪಿಎಸ್ಸು, ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡು. ಹೊರದೇಶದ ಕಂಪನಿಗಳು ತಮ್ಮ ಗೇಮುಗಳಿಗೆ ಬೇಕಾದ ಚಿತ್ರಗಳನ್ನು ಇಲ್ಲಿಂದ ಬರೆಸಿಕೊಳ್ಳುತ್ತಿದ್ದವು. ನನಗೆ ಕೊಟ್ಟದ್ದು ಗ್ರೀಕ್ ದೇವತೆಗಳ ಕೆಲಸ.

"ಸ್ಲಾಟ್ ಗೇಮ್ ಅಂದ್ರೆ ಏನು ಸರ್?" ಎಂದು ಮೊದಲ ದಿನವೇ ಕೇಳಿದ್ದೆ.

"ಕ್ಯಾಸಿನೋದಾಗೆ ಇರ್ತೈತಲ್ಲಮ್ಮ, ಚಕ್ರ ತಿರುಗ್ತಾವೆ, ಒಂದೇ ತರದ ಚಿತ್ರ ಸಾಲಾಗಿ ಕೂಡಿದ್ರೆ ಗೆದ್ದಂಗೆ. ಅದೇ ಈಗ ಫೋನಿನಾಗೆ ಬಂದೈತೆ. ನಮಗ್ಯಾಕ ಅದೆಲ್ಲ? ನಾವು ಚಿತ್ರ ಬರೆಯೋರು."

"ಗ್ರೀಕರ ದೇವ್ರೇ ಯಾಕೆ?"

"ಜಗತ್ತಿನಾಗೆಲ್ಲ ಗೊತ್ತು. ಯಾರಪ್ಪನ ಆಸ್ತಿನೂ ಅಲ್ಲ. ಹಕ್ಕು ಕೇಳೋರಿಲ್ಲ, ಜಗಳಕ್ಕೆ ಬರೋರಿಲ್ಲ."

ಆ ಉತ್ತರ ನನಗೆ ಸಾಕಾಯಿತು. ಸುಳ್ಳು ಯಾಕೆ ಹೇಳಲಿ, ಆ ಮೊದಲ ತಿಂಗಳು ನಾನು ಬಹಳ ಸಂತೋಷದಲ್ಲಿದ್ದೆ. ಸರಸ್ವತಿ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಆ ಪುರಾಣಗಳನ್ನೆಲ್ಲ ಓದಿದೆ. ರೆಕ್ಕೆಯ ಕುದುರೆ, ತಲೆಯಲ್ಲಿ ಹಾವು ತುಂಬಿಕೊಂಡ ಹೆಣ್ಣು, ಸಮುದ್ರದ ದೊರೆಯ ಮೂರು ಮೊನೆಯ ಈಟಿ, ಅಮೃತಶಿಲೆಯ ಕಂಬಗಳು, ಮಣ್ಣಿನ ಹೂಜಿಗಳು. ಗೋಡೆಗೆ ಸೌರಮಂಡಲ ಬರೆದೂ ಬರೆದೂ ಬೇಸತ್ತಿದ್ದ ಕೈಗೆ ಅದು ಹಬ್ಬದೂಟದ ಹಾಗಿತ್ತು. ಪಕ್ಕದ ಮೇಜಿನಲ್ಲಿ ಫಿರ್ದೋಸ್ ಕೂರುತ್ತಿದ್ದಳು. ನಾನು ಬರೆದ ಚಿತ್ರಗಳಿಗೆ ಚಲನೆ ಕೊಡುವುದು ಅವಳ ಕೆಲಸ. ನನ್ನ ರೊಟ್ಟಿ, ಅವಳ ಕೈಮಾ ಬೋಂಡ, ಕಿಟಕಿಯಾಚೆ ಜಿಟಿಜಿಟಿ. ಹಾಗೆ ದಿನ ಹೋಗುತ್ತಿದ್ದವು.

ಸಿಡಿಲಿನ ದೇವರು ಝ್ಯೂಸ್ ಮಾತ್ರ ಕೈಗೆ ಹತ್ತಲಿಲ್ಲ. ಎಷ್ಟು ಬರೆದರೂ ಗಡ್ಡ ಅಂಟಿಸಿಕೊಂಡ ನಾಟಕದ ಪಾತ್ರಧಾರಿಯಂತೆ ಕಾಣುತ್ತಿದ್ದ. ಒಂದು ಭಾನುವಾರ ಹರಿಹರಕ್ಕೆ, ಹಾಲಪ್ಪ ಮಾವನ ಮನೆಗೆ ಹೋದೆ. ಅವರು ನನ್ನ ಅವ್ವನ ಅಣ್ಣ. ಮೂವತ್ತು ವರ್ಷ ಕಾರ್ಖಾನೆಯ ಎರಕದ ವಿಭಾಗದಲ್ಲಿ ಕರಗಿದ ಕಬ್ಬಿಣ ಹೊಯ್ದವರು. ಒಮ್ಮೆ ಕಾದ ಲೋಹ ಸಿಡಿದು ಎಡಗಡೆಯ ಹುಬ್ಬು ಅರ್ಧಕ್ಕೆ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಆ ದಿನ ಮಾವ ತಲೆಗೆ ನೀರು ಹಾಕಿಕೊಂಡು, ಬಿಳಿ ಗಡ್ಡ ಹರವಿಕೊಂಡು, ಜಗಲಿಯ ಮೇಲೆ ಕೂತು ಆಕಾಶ ನೋಡುತ್ತಿದ್ದರು. ಹೊಳೆಯ ಕಡೆಯಿಂದ ಕಪ್ಪು ಮೋಡ ಬರುತ್ತಿತ್ತು. ನಾನು ಚೀಲದಿಂದ ಪುಸ್ತಕ ತೆಗೆದು ಅಲ್ಲಾಡಬೇಡಿ ಎಂದೆ.

"ಯಾರು ಈ ದೇವ್ರು? ನಮ್ಮ ಇಂದ್ರನ ಕಡೆಯೋನಾ?"

"ಅಂಥವನೇ ಮಾವ. ಸಿಡಿಲು ಹೊಡಿಯೋನು."

"ಪೂಜೆ ಐತೇನು ಅವನಿಗೆ ಈಗ?"

"ಇಲ್ಲ. ಅವನ ಭಕ್ತರೆಲ್ಲ ಹೋಗಿ ಶತಮಾನಗಳಾದವು."

"ಅಯ್ಯೋ ಪಾಪ, ರಿಟೈರಾದೋನು. ಬರ್ಕೋ ಹಂಗಾದ್ರೆ, ನಾನೂ ರಿಟೈರಾದೋನೆ." ಜೋರಾಗಿ ನಕ್ಕರು. ಆ ನಗುವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಮುಖದ ಗೆರೆಗಳು ಹೇಗೆ ಸರಿಯುತ್ತವೆ ಎಂದು ಆಮೇಲೆ ನೋಡಿಕೊಳ್ಳಬಹುದಿತ್ತು.

ಕಂಪನಿಯವರಿಗೆ ಆ ಮುಖ ಹಿಡಿಸಿತು. ಅರ್ಧ ಹುಬ್ಬನ್ನಂತೂ ಬಹಳ ಮೆಚ್ಚಿಕೊಂಡು, ತನ್ನ ಸಿಡಿಲು ತನಗೇ ತಾಗಿದ ದೇವರು, ಎಂಥ ಕಲ್ಪನೆ ಎಂದು ಬರೆದರು. ನಾನು ಅದು ಕಲ್ಪನೆಯಲ್ಲ ಎಂದು ಹೇಳಲಿಲ್ಲ. ಚಿತ್ರದ ಪ್ರಿಂಟು ತೆಗೆಸಿ ಮಾವನಿಗೆ ಕೊಟ್ಟೆ. ಅವರು ಅದನ್ನು ಸೇತುವೆ ಹತ್ತಿರದ ಚಹಾದಂಗಡಿಗೆ ಒಯ್ದು, ಹಳೆಯ ಕಾರ್ಖಾನೆಯ ಗೆಳೆಯರಿಗೆಲ್ಲ ತೋರಿಸಿದರಂತೆ. ಪರದೇಶದಲ್ಲಿ ದೇವರಾಗಿದ್ದೇನೆ ಎಂದು ಹೇಳಿಕೊಂಡರಂತೆ. ಯಾವ ಆಟ, ಏನು ಆಟ ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಆಷಾಢದ ಗಾಳಿಯಲ್ಲಿ ಚಲನೆಯ ಕೆಲಸ ಶುರುವಾಯಿತು. ಕಂಪನಿಯ ಡಿಸೈನರ್ ಒಬ್ಬಳು ಆ ಕಡೆಯಿಂದ ಪರದೆಯ ಮೇಲೆ ಮಾತಾಡುತ್ತಿದ್ದಳು. ಬಹಳ ಮೃದು ದನಿಯ ಹೆಂಗಸು. ಮೂರು ಸಿಡಿಲು ಸಾಲಾಗಿ ನಿಂತರೆ ಗೆಲುವು ಎಂದು ವಿವರಿಸಿದಳು. ಎರಡು ಬಂದು ನಿಂತಾಗ ಮೂರನೆಯ ಚಕ್ರ ನಿಧಾನವಾಗಬೇಕು. ದೇವರು ಕೈ ಎತ್ತಬೇಕು, ಉಸಿರು ಎಳೆದುಕೊಳ್ಳಬೇಕು, ಗುಡುಗು ಏರುತ್ತ ಬರಬೇಕು. ಮೂರನೆಯ ಸಿಡಿಲು ಸಾಲಿಗೆ ಬಂದೇಬಿಟ್ಟಿತು ಅನ್ನಿಸಿ, ಕೂದಲೆಳೆಯಷ್ಟು ಕೆಳಗೆ ಜಾರಿ ನಿಲ್ಲಬೇಕು.

"ಆಮೇಲೆ ದೇವರು ಏನು ಮಾಡ್ತಾನೆ?" ಎಂದು ಕೇಳಿದೆ.

ನಗುತ್ತಾನೆ ಎಂದಳು. ಅಯ್ಯೋ, ಎಷ್ಟರಲ್ಲಿ ತಪ್ಪಿತಲ್ಲ ಎನ್ನುವ ನಗು. ಅವನು ಆಡುವವನ ಪರವಾಗಿಯೇ ಇದ್ದಾನೆ ಅನ್ನಿಸಬೇಕು.

ಮಾತು ಮುಗಿದ ಮೇಲೆ ಫಿರ್ದೋಸ್ ಕುರ್ಚಿ ತಿರುಗಿಸಿದಳು. "ಗೊತ್ತೇನೆ ರತ್ನಾ, ಬಟನ್ ಒತ್ತಿದ ಕ್ಷಣದಾಗೇ ಫೈಸಲ್ ಆಗಿರ್ತೈತೆ. ಗೆದ್ದೆಯೋ ಸೋತೆಯೋ ಅಂತ. ಚಕ್ರ ತಿರುಗೋದು, ಇವನು ಕೈ ಎತ್ತೋದು, ಎಲ್ಲ ಬರೀ ತಮಾಷಾ."

ನಾನು ಓದಿದ್ದ ಕಥೆಯೊಂದು ನೆನಪಾಯಿತು. ಪಾತಾಳದಲ್ಲಿ ಶಿಕ್ಷೆ ಅನುಭವಿಸುವ ಟ್ಯಾಂಟಲಸ್ ಎಂಬವನದು. ಕುತ್ತಿಗೆಯವರೆಗೆ ನೀರಲ್ಲಿ ನಿಂತಿರುತ್ತಾನೆ, ತಲೆಯ ಮೇಲೆ ಹಣ್ಣಿನ ಕೊಂಬೆ. ಬಾಗಿದರೆ ನೀರು ಇಳಿಯುತ್ತದೆ, ಕೈ ಚಾಚಿದರೆ ಕೊಂಬೆ ಏರುತ್ತದೆ. ಕಂಪನಿಯವರು ಕೊಟ್ಟ ಉದ್ದನೆಯ ಪಟ್ಟಿಯಲ್ಲಿ ದೇವರುಗಳಿದ್ದರು, ರಾಕ್ಷಸರಿದ್ದರು, ಕುದುರೆ ಹದ್ದುಗಳೂ ಇದ್ದವು. ಆ ಮನುಷ್ಯನ ಚಿತ್ರವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಫಿರ್ದೋಸಳಿಗೆ ಹೇಳಿದೆ. "ಅವನ ಚಿತ್ರ ಯಾಕ ಬೇಕು? ಅವನು ಫೋನ್ ಹಿಡ್ಕೊಂಡು ಕುಂತಿರ್ತಾನಲ್ಲ," ಎಂದಳು.

ಇಷ್ಟು ಗೊತ್ತಾದ ಮೇಲೂ ನಾನು ಬರೆದೆ. ಈ ಮಾತನ್ನು ಹಾರಿಸಿ ಮುಂದೆ ಹೋಗಲಾರೆ. ಆ ಕೈಯನ್ನು ಮೇಲೆತ್ತಿಸಿದವಳು ನಾನು. ಆ ನಗುವಿನ ಒಂದೊಂದು ಗೆರೆಯನ್ನೂ ಮಾವನ ವಿಡಿಯೋ ನೋಡಿ ತಿದ್ದಿದವಳು ನಾನು. ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟವಳೂ ನಾನೇ.

ನಾಗರ ಪಂಚಮಿ ಕಳೆದ ವಾರ ಸತೀಶ್ ಸರ್ ಸ್ವೀಟ್ ಬಾಕ್ಸ್ ಹಿಡಿದು ಬಂದರು. ಆ ಗೇಮು ನಮ್ಮ ಕಡೆಗೂ ಬರುತ್ತದಂತೆ, ಕನ್ನಡದಲ್ಲೇ ಬರುತ್ತದಂತೆ. ದೇವರು ಮಾತಾಡಬೇಕು, ಅದೂ ಪುಸ್ತಕದ ಕನ್ನಡವಲ್ಲ, ಅಂಗಡಿಯಲ್ಲಿ ಪಕ್ಕ ಕೂತವರು ಆಡುವ ಮಾತು.

"ನಿಮ್ಮ ಮಾವನ ಆ ನಗು ವಿಡಿಯೋದಾಗೆ ಕೇಳೀನಲ್ಲ ನಾನು. ಮುಖ ಅವರ್ದೇ, ದನಿನೂ ಅವರ್ದೇ ಆಗ್ಲಿ. ಕರ್ಕೊಂಡ್ ಬಾರಮ್ಮ."

ಬೇಡ ಎನ್ನಲು ಆಗಲಿಲ್ಲ. ಎಲ್ಲವನ್ನೂ ಮಾವನಿಗೆ ಹೇಳಿ ಕರೆತರುವ ಧೈರ್ಯವೂ ಬರಲಿಲ್ಲ. ಫೋನು ಮಾಡಿ, "ಮಾವ, ನಾಲ್ಕು ಮಾತು ರೆಕಾರ್ಡ್ ಮಾಡ್ಬೇಕಂತೆ, ಬರ್ತೀರಾ?" ಎಂದಷ್ಟೇ ಕೇಳಿದೆ.

ಗುರುವಾರ ಬೆಳಿಗ್ಗೆ ಮಳೆಯಲ್ಲೇ ಹರಿಹರದ ಬಸ್ಸು ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಡ್ಡಕ್ಕೆ ಎಣ್ಣೆ. "ಬರ್ರಿ ಯಜಮಾನ್ರೆ, ಕೂಡ್ರಿ," ಎಂದು ಸತೀಶ್ ಸರ್ ತಮ್ಮ ಕುರ್ಚಿಯನ್ನೇ ಕೊಟ್ಟರು. ಮೈಕು ಸರಿಮಾಡಿ, ಒಂದು ಹಾಳೆ ಮುಂದಿಟ್ಟರು. ದೊಡ್ಡ ಅಕ್ಷರದಲ್ಲಿ ಮೂರು ಸಾಲು. ಸ್ವಲ್ಪದ್ರಾಗೆ ತಪ್ಪಿತಲ್ರಿ. ಬಿಡಬ್ಯಾಡ್ರಿ, ಇನ್ನೊಂದ್ ಸಲ. ಈ ಸಲ ನಿಮ್ದೇ.

ಮಾವ ಕನ್ನಡಕ ಹಾಕಿ ಓದಿದರು. ಇನ್ನೊಮ್ಮೆ ಓದಿದರು.

"ಇದನ್ನ ಯಾರಿಗೆ ಹೇಳೋದು?"

"ಆಟ ಆಡೋರಿಗೆ ಯಜಮಾನ್ರೆ."

"ಗೆದ್ದಾಗೋ, ಸೋತಾಗೋ?"

ಸತೀಶ್ ಸರ್ ನನ್ನ ಮುಖ ನೋಡಿದರು. "ಸೋತಾಗ್ರಿ."

"ದುಡ್ಡು ಇಟ್ಟು ಆಡೋದಾ?"

"ಹೌದ್ರಿ."

"ಈ ಸಲ ಅವರ್ದೇ ಅಂತ ನಂಗೆ ಹೆಂಗೆ ಗೊತ್ತು?"

"ಅದು ಸುಮ್ನೆ, ಒಂದ್ ಉತ್ಸಾಹಕ್ಕೆ."

ಮಾವ ನನ್ನ ಕಡೆ ತಿರುಗಿದರು. "ರತ್ನವ್ವ, ನೀ ಹೇಳು. ಆ ದೇವ್ರಿಗೆ ಮುಂದೇನು ಬೀಳ್ತೈತಂತ ಗೊತ್ತಿರ್ತೈತಾ?"

"ಗೊತ್ತಿರ್ತೈತೆ ಮಾವ. ಬಟನ್ ಒತ್ತಿದ ಕೂಡ್ಲೆ ಗೊತ್ತಾಗಿರ್ತೈತೆ."

"ಗೊತ್ತಿದ್ದೂ ಕೈ ಎತ್ತಿ ನಗ್ತಾನಾ? ನನ್ ಮುಖದಾಗೆ?"

ಹೌದು ಎಂದು ತಲೆಯಾಡಿಸಿದೆ.

ಮಾವ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಸಿಟ್ಟಾಗಲಿಲ್ಲ. ಎದುರಿಗಿದ್ದ ಮೈಕನ್ನು ಮರೆತು ಮಾತಾಡಿದರು. "ನಾನು ಓಸಿ ಬರೆಸ್ತಿದ್ದೆ ಸತೀಶಪ್ಪ, ನಂಬರಿನ ಜೂಜು. ಇವಳಿಗೆ ಗೊತ್ತಿಲ್ಲ, ಇವಳ ಅವ್ವನಿಗೆ ಗೊತ್ತು. ಏಳು ವರ್ಷ. ದಿನಾ ಒಂದು ನಂಬರು, ದಿನಾ ಸ್ವಲ್ಪದ್ರಾಗೆ ತಪ್ಪೋದು. ಮೂರು ಬರೆಸಿದ್ರೆ ನಾಲ್ಕು, ನಾಲ್ಕು ಬರೆಸಿದ್ರೆ ಮೂರು. ಹತ್ರ ಬಂದೈತೆ, ಇನ್ನೊಂದ್ ಸಲ ಅನ್ನೋದು. ನನ್ ಮಗಳು ಹುಟ್ಟಿದ ದಿನ ಆಸ್ಪತ್ರೆಯಿಂದ ಹೇಳಿ ಕಳಿಸಿದ್ರು. ನಂಬರ್ ಬರೋದೈತೆ, ನೋಡ್ಕೊಂಡೇ ಹೋಗಾನ ಅಂತ ನಿಂತೆ. ನಾ ಹೋಗೋ ಹೊತ್ತಿಗೆ ಕೂಸು ಹೋಗಿತ್ತು. ಉಸಿರಾಡ್ತಿದ್ದಾಗ ಎತ್ಕೊಳ್ಳಲಿಲ್ಲ ನಾನು. ಆ ನಂಬರು ಯಾವುದಂತ ಇವತ್ತಿಗೂ ನೆನಪೈತೆ."

ಫಿರ್ದೋಸ್ ಎದ್ದು ನೀರು ತಂದುಕೊಟ್ಟಳು. ಮಾವ ಕುಡಿದು ಲೋಟ ಕೆಳಗಿಟ್ಟರು.

"ಈ ಮಾತು ನನ್ ಬಾಯಾಗೆ ಬರಲ್ಲ. ಆ ಮುಖಾನೂ ಅಳಿಸಿಬಿಡ್ರಿ."

"ಯಜಮಾನ್ರೆ, ಮುಖ ಈಗ ನಮ್ಮ ಕೈಯಾಗಿಲ್ಲ. ಕೊಟ್ಟಾಗೈತೆ. ನಾವು ಮಾಡ್ಲಿಲ್ಲ ಅಂದ್ರೆ ಇನ್ನೊಬ್ರು ಮಾಡ್ತಾರೆ."

"ಮಾಡ್ಲಿ. ಅವರ ಮುಖ ಅವರು ಕೊಡ್ಲಿ."

ಅವರನ್ನು ಬಸ್ಸಿನವರೆಗೂ ಬಿಡಲು ಹೋದೆ. ಕೊಡೆ ಒಂದೇ ಇತ್ತು. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬಸ್ಸು ಹತ್ತುವಾಗ, "ನಂಗೆ ಮೊದ್ಲೇ ಹೇಳ್ಬೇಕಿತ್ತು ನೀನು," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಸತೀಶ್ ಸರ್ ಹತ್ತಿರ ಹೋಗಿ ಮುಖ ಬದಲಿಸಲೇಬೇಕು ಎಂದೆ. ಹೊಸದನ್ನು ನಾನೇ ಬರೆಯುತ್ತೇನೆ, ನನ್ನ ರಜೆಯ ದಿನಗಳಲ್ಲಿ ಬರೆಯುತ್ತೇನೆ ಎಂದೆ. ಅವರು ಕೈ ಮುಗಿದರು. ಕೆಟ್ಟ ಮನುಷ್ಯರಲ್ಲ ಅವರು. ಆರು ಜನರ ಸಂಬಳದ ಚಿಂತೆಯಲ್ಲಿ ಕೂದಲು ಉದುರಿಸಿಕೊಂಡವರು. "ಅವರಿಗೆ ಹಿಡಿಸಿದ್ದೇ ಆ ಹುಬ್ಬಮ್ಮ. ಈಗ ಹೋಗಿ ಬದಲಾಯಿಸ್ತೀನಿ ಅಂದ್ರೆ ಮುಂದಿನ ಕೆಲಸ ಕೊಡ್ತಾರಾ? ನಿಮ್ಮ ಮಾವ ಅಂತ ಅವರಿಗೇನು ಗೊತ್ತು? ಸುಮ್ನಿರು."

ಸುಮ್ಮನಿರು ಎಂದದ್ದೇ ತಡ, ನನಗೆ ದಾರಿ ಕಾಣಿಸಿತು. ಕಂಪನಿಯವರಿಗೆ ಗೊತ್ತಿಲ್ಲ. ಹಾಗಾದರೆ ಗೊತ್ತು ಮಾಡಿಸಬೇಕು.

ಆ ಭಾನುವಾರ ಹರಿಹರಕ್ಕೆ ಹೊರಟಾಗ ಫಿರ್ದೋಸ್ ತಾನೂ ಬರುತ್ತೇನೆ ಎಂದಳು. ಹೊಳೆ ಕೆಂಪಗೆ ತುಂಬಿ ಸೇತುವೆಯ ಕಂಬಗಳನ್ನು ಗುದ್ದುತ್ತಿತ್ತು. ಜನ ನಿಂತು ನೋಡುತ್ತಿದ್ದರು. ಮಾವ ನಡುಮನೆಯಲ್ಲಿ ಕೂತು, ಗೆರೆ ಹಾಕಿದ ಹಾಳೆಯ ಮೇಲೆ ಕನ್ನಡದಲ್ಲಿ ತಾವೇ ಬರೆದರು. ಈ ಮುಖ ನನ್ನದು. ಈ ಹುಬ್ಬು ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಸುಟ್ಟದ್ದು. ಜೂಜಿಗೆ ಬಳಸಲು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ತೆಗೆಯದಿದ್ದರೆ ಕೋರ್ಟಿಗೆ ಹೋಗುತ್ತೇನೆ, ನನಗೆ ಬೇಕಾದಷ್ಟು ಪುರುಸೊತ್ತಿದೆ. ಕೊನೆಯ ಸಾಲು ಬೇಡ ಎಂದೆ. "ಇರ್ಲಿ, ಅದೇ ನಿಜ," ಎಂದರು.

ಫಿರ್ದೋಸ್ ಅದನ್ನು ಇಂಗ್ಲಿಷಿಗೆ ಮಾಡಿದಳು. ಮಾವ ಪ್ರಿಂಟನ್ನು ಕೆನ್ನೆಗೆ ಒತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಒಂದೇ ಗಡ್ಡ, ಒಂದೇ ಅರ್ಧ ಹುಬ್ಬು, ಒಬ್ಬರು ಸಿಟ್ಟಿನಲ್ಲಿ, ಒಬ್ಬರು ನಗುವಿನಲ್ಲಿ.

"ನನ್ನ ಹೆಸ್ರು ಮಾತ್ರ ಎಲ್ಲೂ ಬ್ಯಾಡ ರತ್ನಾ. ಅಮ್ಮಿಯ ಔಷಧಿ ಐತೆ, ತಮ್ಮನ ಕಾಲೇಜೈತೆ," ಎಂದಳು ಫಿರ್ದೋಸ್.

"ನಿನ್ನ ಹೆಸ್ರು ಬರಲ್ಲ. ನನ್ನದು ಬರ್ತೈತೆ," ಎಂದೆ. ಈ ಮುಖವನ್ನು ಜೂಜಿಗೆಂದು ತಿಳಿಸದೆ ಬರೆದವಳು ನಾನು ಎಂದು ಕೆಳಗೆ ಸೇರಿಸಿ, ಕಂಪನಿಯ ಪತ್ರಗಳ ಅಡಿಯಲ್ಲಿರುತ್ತಿದ್ದ ವಿಳಾಸಕ್ಕೆ ಕಳಿಸಿದೆ. ಆ ಮಳೆಗಾಲದಲ್ಲಿ ನಾನು ತಲೆ ಎತ್ತಿ ಮಾಡಿದ ಮೊದಲ ಕೆಲಸ ಅದು.

ಉತ್ತರ ನನಗೆ ಬರಲಿಲ್ಲ, ಸತೀಶ್ ಸರ್‌ಗೆ ಬಂತು. ಆ ಮುಖವಿರುವ ಎಲ್ಲವನ್ನೂ ತಕ್ಷಣ ನಿಲ್ಲಿಸಬೇಕು, ಬೇರೆ ಮುಖ ಬೇಕು, ಕನ್ನಡದ ಕೆಲಸವನ್ನು ಸದ್ಯಕ್ಕೆ ಬೇರೆ ಕಡೆ ಕೊಡುತ್ತಿದ್ದೇವೆ ಎಂದು. ಮೃದು ದನಿಯ ಆ ಹೆಂಗಸು ನಾಲ್ಕೇ ಸಾಲಿನಲ್ಲಿ ಬರೆದಿದ್ದಳು. ಸತೀಶ್ ಸರ್ ಅದನ್ನು ಎಲ್ಲರ ಮುಂದೆ ಓದಿದರು. ಕೆಳಗಿನ ರಸ್ತೆಯಲ್ಲಿ ಗಣಪತಿಯ ಪೆಂಡಾಲಿಗೆ ಬಿದಿರು ಇಳಿಸುತ್ತಿದ್ದರು.

"ಆರು ಜನರ ಅನ್ನಕ್ಕೆ ಮಣ್ಣು ಹಾಕಿದೆಯಲ್ಲಮ್ಮ. ಇವರ ಮುಖ ನೋಡಿ ಹೇಳು."

ನೋಡಿದೆ. ಕೆಲವರು ತಲೆ ತಗ್ಗಿಸಿದರು, ಒಬ್ಬ ನನ್ನನ್ನು ದುರುಗುಟ್ಟಿ ನೋಡಿದ. ಅವನ ಸಿಟ್ಟು ನ್ಯಾಯವೇ. ಫಿರ್ದೋಸ್ ಪರದೆಯನ್ನೇ ನೋಡುತ್ತಿದ್ದಳು, ಅವಳ ಕಿವಿ ಕೆಂಪಾಗಿದ್ದವು.

"ಬೇರೆ ಮುಖ ಬರೆದುಕೊಡ್ತೀನಿ ಅಂತ ಮೊದ್ಲೇ ಹೇಳಿದ್ದೆ ಸರ್. ನೀವು ಸುಮ್ನಿರು ಅಂದ್ರಿ."

"ನಾಳೆಯಿಂದ ಬರಬ್ಯಾಡ."

"ಇವತ್ತಿಂದಲೇ ಬರಲ್ಲ," ಎಂದೆ. ಚೀಲ ತೆಗೆದುಕೊಂಡೆ. ಪೆನ್ನು, ಬರೆಯುವ ಹಲಗೆ ನನ್ನವೇ ಆಗಿದ್ದವು, ವೈರು ಕಿತ್ತು ಸುತ್ತಿಕೊಂಡೆ. ಸ್ಟ್ಯಾಂಡಿನಲ್ಲಿ ಚಪ್ಪಲಿ ಹುಡುಕುವಾಗ ಫಿರ್ದೋಸ್ ಎದ್ದು ಬಂದು, ಎಲ್ಲರಿಗೂ ಕಾಣುವ ಹಾಗೆ, ತನ್ನ ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಮಧ್ಯಾಹ್ನದ್ದು. ತಿನ್ನು," ಎಂದಳು. ಹೆಸರು ಬೇಡ ಎಂದಿದ್ದವಳು ಅಷ್ಟು ಮಾಡಿದಳು.

ನನ್ನದು ಬಿಟ್ಟು ಯಾರ ಕೆಲಸವೂ ಹೋಗಲಿಲ್ಲ. ಸತೀಶ್ ಸರ್‌ಗೆ ಮಕ್ಕಳ ಪಾಠದ ಚಿತ್ರಗಳ ಕೆಲಸ ಸಿಕ್ಕಿ ಇನ್ನೊಂದು ವರ್ಷ ನಡೆಯಿತು, ಆಮೇಲೆ ಅವರು ದೊಡ್ಡ ಜಾಗಕ್ಕೆ ಹೋದರು. ಎಲ್ಲಾದರೂ ಎದುರಾದರೆ ಈಗಲೂ ಮಾತಾಡಿಸುವುದಿಲ್ಲ. ಫಿರ್ದೋಸ್ ಅವರ ಜೊತೆಗೇ ಇದ್ದಾಳೆ, ಶುಕ್ರವಾರ ಸಂಜೆ ನನ್ನ ಕೋಣೆಗೆ ಬರುತ್ತಾಳೆ. ನಾನು ಮತ್ತೆ ಶಾಲೆಯ ಗೋಡೆಗಳಿಗೆ ಮರಳಿದೆ, ಸಂಜೆ ಹದಿನಾಲ್ಕು ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಸಂಬಳ ಆಗಿನ ಅರ್ಧವೂ ಇಲ್ಲ. ಅವ್ವ ಎರಡು ತಿಂಗಳು ಮುಖ ಊದಿಸಿಕೊಂಡಿದ್ದಳು. ಅಣ್ಣ ಹಾಲಪ್ಪನ ಮುಖಕ್ಕಾಗಿ ಎಂದು ತಿಳಿದ ಮೇಲೆ ಒಂದು ಡಬ್ಬಿ ಕೊಬ್ಬರಿ ಉಂಡೆ ಮಾಡಿ ಕಳಿಸಿದಳು.

ಗೇಮು ನಿಲ್ಲಲಿಲ್ಲ. ನಾವು ನಿಲ್ಲಿಸುತ್ತೇವೆ ಎಂದುಕೊಂಡಿರಲೂ ಇಲ್ಲ. ದಸರೆ ಮುಗಿದು, ಮಳೆ ಹಿಂದೆಗೆದು, ಹೊಳೆ ತಿಳಿಯಾದ ಒಂದು ಬೆಳಿಗ್ಗೆ ಮಾವನ ಜೊತೆ ಸೇತುವೆ ಹತ್ತಿರದ ಚಹಾದಂಗಡಿಗೆ ಹೋಗಿದ್ದೆ. ದೇವರಾಗಿದ್ದು ಏನಾಯಿತು ಎಂದು ಗೆಳೆಯರು ಕೇಳಿದ್ದಕ್ಕೆ ಮಾವ, "ರಾಜೀನಾಮೆ ಕೊಟ್ಟೆ," ಎಂದಿದ್ದರು. ಆ ದಿನ ಪಕ್ಕದ ಬೆಂಚಿನಲ್ಲಿ ಕಾರ್ಖಾನೆಯ ಸಮವಸ್ತ್ರದ ನಡುವಯಸ್ಸಿನವನೊಬ್ಬ ಫೋನು ಹಿಡಿದು ಕೂತಿದ್ದ. ಗುಡುಗು ಕೇಳಿಸಿತು. ಬಗ್ಗಿ ನೋಡಿದೆ. ಅದೇ ಕಂಬಗಳು, ಅದೇ ಸಿಡಿಲು, ದೇವರಿಗೆ ಎರಡೂ ಹುಬ್ಬು ದಪ್ಪಗೆ ಇದ್ದವು. ಕೈ ಮೇಲೇರಿತು, ಚಕ್ರ ನಿಧಾನವಾಯಿತು, ಜಾರಿತು. ಯಾರದೋ ದನಿ ನಗುತ್ತ, "ಬಿಡಬ್ಯಾಡ್ರಿ, ಇನ್ನೊಂದ್ ಸಲ," ಎಂದಿತು.

ಮಾವ ಬೆಂಚಿನ ಮೇಲೆ ಸರಿದು, ಫೋನಿನ ಹತ್ತಿರ ಬಾಯಿಟ್ಟು ಗದರಿದರು. "ಲೇ, ಮುಚ್ಚೋ ಬಾಯಿ! ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳ್ತೀಯಾ?"

ಆತ ಬೆಚ್ಚಿ ತಲೆ ಎತ್ತಿದ. "ಯಾರಿಗೆ ಬೈತೀರಿ ಯಜಮಾನ್ರೆ?"

"ನಿಂಗಲ್ಲಪ್ಪ. ಅದ್ರೊಳಗೆ ಕುಂತಾನಲ್ಲ, ನನ್ ಜಾಗಕ್ಕೆ ಬಂದೋನು, ಅವನಿಗೆ."

ಅಂಗಡಿಯವರು ನಕ್ಕರು. ಆತ ನಗಲಿಲ್ಲ. ಮಾವನ ಹುಬ್ಬನ್ನು ಸ್ವಲ್ಪ ಹೊತ್ತು ನೋಡಿ, ಫೋನನ್ನು ಬೆಂಚಿನ ಮೇಲೆ ಬೋರಲಾಗಿಟ್ಟು, ತನ್ನ ಚಹಾ ಕೈಗೆತ್ತಿಕೊಂಡ. ಅದು ಆಗಲೇ ಆರಿಹೋಗಿತ್ತು. ಮಾವ ಅವನಿಗೆ ಬಿಸಿಯದು ಹೇಳಿದರು, ನಮಗೂ ಹೇಳಿದರು, ಯಾವ ವಿಭಾಗ, ಯಾವ ಪಾಳಿ, ಮಕ್ಕಳೆಷ್ಟು ಎಂದು ಒಂದೊಂದಾಗಿ ಕೇಳತೊಡಗಿದರು. ಆತನ ಕೈ ಒಮ್ಮೆ ಫೋನಿನ ಕಡೆ ಹೋಯಿತು, ಹಿಂದಕ್ಕೆ ಬಂತು. ನಾವು ಎದ್ದು ಹೋದ ಮೇಲೆ ಏನು ಮಾಡುತ್ತಾನೋ ನಮಗೆ ಗೊತ್ತಿರಲಿಲ್ಲ. ಹಾಗಾಗಿ ನಾವು ಏಳಲಿಲ್ಲ. ಅವನ ಪಾಳಿಯ ಸೈರನ್ ಕೂಗುವವರೆಗೂ ಕೂತು, ಆ ಬೆಳಿಗ್ಗೆ ತಲಾ ನಾಲ್ಕು ಚಹಾ ಕುಡಿದೆವು.